ಗಡಿಯಲ್ಲೊಂದು ಪಾಠ

ವೃತ್ತಿಯಿಂದ ನಾನು ಕನ್ನಡ ಅಧ್ಯಾಪಕ. ನಿವೃತ್ತಿಯ ನಂತರ ಧಾರವಾಡ ಬಿಟ್ಟು ಪುಣೆಯ ಮಗನ ಮನೆಗೆ ಬಂದರೂ ತಿದ್ದುವ ಚಟ ಹೋಗಿರಲಿಲ್ಲ. ಮೊಮ್ಮಗಳು ‘ಜೇವಣ ಮಾಡಿದೆ’ ಎಂದರೆ ‘ಊಟ ಮಾಡಿದೆ ಅನ್ನು’ ಎನ್ನುತ್ತಿದ್ದೆ. ಕ್ರಮೇಣ ಅವಳು ನನ್ನೊಡನೆ ಕನ್ನಡ ಮಾತನಾಡುವುದನ್ನೇ ಬಿಟ್ಟಳು. ಊರಿನ ಗಾಳಿ, ಶಾಲೆಯ ಪ್ರಭಾವ ಎಂದು ನೊಂದುಕೊಂಡಿದ್ದೆ.

ಒಂದು ಕಾರ್ತಿಕ ಮಾಸದಲ್ಲಿ ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಹೊರಟೆ. ಮಿರಜದಿಂದ ಎಸ್‌.ಟಿ. ಬಸ್ಸಿನಲ್ಲಿ ಜತ್ತ ತಲುಪಿದಾಗ ಕಿರಿಯ ಮಿತ್ರನೊಬ್ಬ ಮೋಟಾರ್‌ಸೈಕಲ್ಲಿನೊಂದಿಗೆ ಕಾದಿದ್ದ. ನನಗಿಂತ ಮೂವತ್ತು ವರ್ಷ ಚಿಕ್ಕವನು. ತಾಲೂಕಿನ ಪೂರ್ವಭಾಗದ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕ.

ಜತ್ತದ ಚರಿತ್ರೆಯನ್ನು ನಾನು ಓದಿಕೊಂಡೇ ಬಂದಿದ್ದೆ. ಡಫಳೆ ಮನೆತನ ಆಳಿದ ಈ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ನೆರೆಯ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಜತ್ತ ಮುಂಬಯಿಯಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಆದರೆ ಉಮದಿ, ಸಂಖ, ಉಮರಾಣಿಯಂಥ ಊರುಗಳಲ್ಲಿ ಕನ್ನಡ ಮನೆಮಾತಾಗಿ ಉಳಿದೇ ಇದೆ. ಅದನ್ನು ಕಣ್ಣಾರೆ ಕಂಡು ಸಂಘಕ್ಕೊಂದು ಲೇಖನ ಬರೆಯುವ ಉತ್ಸಾಹದಿಂದ ಟಿಪ್ಪಣಿ ಪುಸ್ತಕವನ್ನೂ ತಂದಿದ್ದೆ.

ದಾರಿಯ ಚಹಾದಂಗಡಿಯಲ್ಲಿ ನಿಂತೆವು. ಹೊರಗೆ ಕಲ್ಲಿನ ಮೇಲೆ ಕುರಿ ಕಾಯುವ ವೃದ್ಧರೊಬ್ಬರು ಕುಳಿತಿದ್ದರು. ನಾನು ಪುಸ್ತಕ ತೆರೆದು ಕೇಳಿದೆ: “ಹಿರಿಯರೇ, ತಮ್ಮ ಮಾತೃಭಾಷೆ ಕನ್ನಡವೇ? ಮಕ್ಕಳು ಯಾವ ಮಾಧ್ಯಮದಲ್ಲಿ ಕಲಿಯುತ್ತಿದ್ದಾರೆ?” ಅವರು ನನ್ನನ್ನೂ ಪುಸ್ತಕವನ್ನೂ ನೋಡಿ, “ಮಾಹೀತ್ ನಾಹೀ” ಎಂದು ಮುಖ ತಿರುಗಿಸಿದರು. ಇಲ್ಲಿಯೂ ಕನ್ನಡ ಮುಗಿಯಿತೆಂದು ಮನಸ್ಸು ಮುದುಡಿತು.

ಮಿತ್ರ ಚಹಾದ ಗ್ಲಾಸು ಹಿಡಿದು ಅವರ ಪಕ್ಕ ಕುಳಿತ. “ಕಾಕಾ, ಕುರಿ ಮಡಗ್ಯಾಳದವೇನ್ರಿ? ಮೂಗು ಛಲೋ ಬಾಗ್ಯಾವ.” ವೃದ್ಧರ ಮುಖ ಅರಳಿತು. “ಹೌದು ತಮ್ಮಾ, ಜಾತಿ ಕುರಿ. ಆದ್ರ ಮೇವು ಎಲ್ಲೈತಿ? ಮೋಡ ನೋಡೂದ ಬಂತು, ಮಳಿ ಬರಲಿಲ್ಲ.” ಅಲ್ಲಿಂದ ಅರ್ಧ ತಾಸು ಅವರ ಕನ್ನಡ ಹರಿಯಿತು: ಬತ್ತಿದ ಬಾವಿ, ಕೃಷ್ಣೆಯ ನೀರನ್ನು ಮೇಲೆತ್ತಿ ತರುವ ಮ್ಹೈಸಾಳ ಯೋಜನೆಯ ನಿರೀಕ್ಷೆ, ಗಡಿಯಾಚೆ ಕೊಟ್ಟ ಮಗಳು.

ಗಾಡಿ ಹತ್ತುವಾಗ ಮಿತ್ರ ಸಂಕೋಚದಿಂದಲೇ ಹೇಳಿದ: “ತಪ್ಪು ತಿಳೀಬ್ಯಾಡ್ರಿ ಸರ. ನೀವು ಅವರನ್ನ ಮಾತಾಡ್ಸಲಿಲ್ಲ, ಪರೀಕ್ಷಾ ತಗೊಂಡ್ರಿ. ನಿಮ್ಮ ಭಾಷಾ ಯಾವುದು ಅಂತ ಕೇಳಾವ್ರು ಇಲ್ಲಿ ಬಾಳ ಮಂದಿ ಬರ್ತಾರ. ನೀರು ಬಂತೇನು ಅಂತ ಕೇಳಾವ್ರು ಕಡಿಮಿ.”

ನಾನು ಉತ್ತರಿಸಲಿಲ್ಲ. 2022ರ ಕೊನೆಯಲ್ಲಿ ಜತ್ತದ ಹಳ್ಳಿಗಳು ಯಾವ ರಾಜ್ಯಕ್ಕೆ ಸೇರಬೇಕೆಂಬ ಚರ್ಚೆ ಎದ್ದಾಗಲೂ ಅದರ ಬೇರಿನಲ್ಲಿದ್ದದ್ದು ನೀರಿನ ಕೊರತೆಯೇ. ಅದನ್ನೂ ಓದಿದ್ದೆ, ಆದರೆ ಕೇಳಬೇಕೆಂದು ಹೊಳೆದಿರಲಿಲ್ಲ.

ಸ್ವಲ್ಪ ದೂರ ಸಾಗಿದ ಮೇಲೆ ಕೇಳಿದೆ, “ನಿನ್ನ ಶಾಲೆಯ ಮಕ್ಕಳು ಮರಾಠಿ ಬೆರೆಸಿದರೆ ತಿದ್ದುವುದಿಲ್ಲವೇ?”

“ತಿದ್ದತೀನ್ರಿ, ಆದ್ರ ಅವಸರ ಮಾಡೂದಿಲ್ಲ. ಮೊದಲನೇ ದಿನಾನ ತಪ್ಪು ಹಿಡದ್ರ ಎರಡನೇ ದಿನ ಬಾಯಿನ ಬಿಡೂದಿಲ್ಲ. ಮೊದಲ ಮಾತು ಬರಲಿ. ಶುದ್ಧ ಆಮ್ಯಾಲ ಆಗತೈತಿ.”

ಬೀಸುವ ಗಾಳಿಯಲ್ಲಿ ನನಗೆ ಮೊಮ್ಮಗಳ ಮುಖ ಕಂಡಿತು. ಅವಳ ಬಾಯಿ ಮುಚ್ಚಿಸಿದ್ದು ಊರಿನ ಗಾಳಿಯೂ ಅಲ್ಲ, ಶಾಲೆಯೂ ಅಲ್ಲ. ನಾಲ್ಕು ದಶಕ ಕನ್ನಡ ಕಲಿಸಿದ ನಾನೇ.

ದಾನಮ್ಮ ಹನ್ನೆರಡನೆಯ ಶತಮಾನದ ಶರಣೆ. ಉಮರಾಣಿ ಆಕೆಯ ಹುಟ್ಟೂರೆಂದು ಭಕ್ತರ ನಂಬಿಕೆ. ಛಟ್ಟಿ ಅಮಾವಾಸ್ಯೆಗೆ ಗಡಿಯಾಚೆಯಿಂದ ಸಾವಿರಾರು ಜನ ನಡೆದೇ ಗುಡ್ಡಾಪುರಕ್ಕೆ ಬರುತ್ತಾರೆ. ದರ್ಶನ ಮುಗಿಸಿ ಗುಡಿಯ ಮೆಟ್ಟಿಲ ಮೇಲೆ ಕುಳಿತು ಮನೆಗೆ ಫೋನ್ ಮಾಡಿದೆ. ಮೊಮ್ಮಗಳು ಎತ್ತಿಕೊಂಡಳು. ಭಾಷೆಯ ಮಾತೆತ್ತದೆ ಕುರಿಗಳ ಬಾಗಿದ ಮೂಗನ್ನು ಬಣ್ಣಿಸಿದೆ. ಅವಳು ನಕ್ಕಳು.

“ಅಜ್ಜಾ, ತೂ ಯಾವಾಗ ಬರ್ತಿ?”

‘ತೂ ಅಲ್ಲ, ನೀನು’ ಎಂಬುದು ನಾಲಿಗೆಯ ತುದಿಗೆ ಬಂತು. ತಡೆದುಕೊಂಡೆ.

“ನಾಳೆ ಬರ್ತೇನವ್ವಾ. ನಿನ್ನ ಜೇವಣ ಆತೇನು?”