ಕೊನೆಯ ಎರಡು ಕಿಲೋಮೀಟರ್

ಪುಣೆಯ ನಮ್ಮ ಫ್ಲ್ಯಾಟಿನಿಂದ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಆರುನೂರಕ್ಕೂ ಹೆಚ್ಚು ಕಿಲೋಮೀಟರ್. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಶಿವಮೊಗ್ಗ ದಾಟಿ ಅಷ್ಟು ದೂರವನ್ನೂ ನನ್ನ ಸಣ್ಣ ಕಾರು ತಕರಾರಿಲ್ಲದೆ ಓಡುತ್ತದೆ. ತಕರಾರು ಇರುವುದು ಕೊನೆಯ ಎರಡು ಕಿಲೋಮೀಟರಿನಲ್ಲಿ. ಡಾಂಬರು ಮುಗಿದ ಮೇಲೆ ಕೆಮ್ಮಣ್ಣಿನ ರಸ್ತೆ, ಮಧ್ಯೆ ಒಂದು ಹಳ್ಳ, ಆಮೇಲೆ ಏರು. ಮಳೆಗಾಲದಲ್ಲಿ ಆ ಏರಿಗೆ ಕಾರು ತಂದರೆ ತಳ್ಳಲು ನಾಲ್ಕು ಜನರನ್ನೂ ತರಬೇಕು.

ಕಳೆದ ಜುಲೈನಲ್ಲಿ ಒಂದು ರಾತ್ರಿ ಅಪ್ಪಯ್ಯನಿಗೆ ಎದೆನೋವು ಬಂತು. ಆಂಬುಲೆನ್ಸ್ ಬಂದು ಡಾಂಬರಿನ ತುದಿಯಲ್ಲಿ ನಿಂತಿತು. ಪಕ್ಕದ ಮನೆಯ ಹುಡುಗ ತಮ್ಮ ಹಳೇ ಜೀಪಿನಲ್ಲಿ ಅವರನ್ನು ಕೂರಿಸಿಕೊಂಡು ಹಳ್ಳ ದಾಟಿಸಿದ. ನಾನು ಆಗ ಹಿಂಜವಡಿಯ ಆಫೀಸಿನಲ್ಲಿ, ಕ್ಲೈಂಟ್ ಕಾಲ್ ಮ್ಯೂಟ್ ಮಾಡಿ, ಅಮ್ಮನ ಫೋನಿನಲ್ಲಿ ಮಳೆಯ ಸದ್ದು ಕೇಳುತ್ತಿದ್ದೆ. ಅಪ್ಪಯ್ಯ ಉಳಿದರು. ಆದರೆ ಮುಂದಿನ ಮಳೆಗಾಲಕ್ಕೆ ಮೊದಲು ಮನೆಗೊಂದು ಫೋರ್ ವೀಲ್ ಡ್ರೈವ್ ಬೇಕು ಎಂದು ಆ ರಾತ್ರಿಯೇ ತೀರ್ಮಾನಿಸಿದೆ. ಹೊಸದಕ್ಕೆ ದುಡ್ಡಿಲ್ಲ, ಸೆಕೆಂಡ್ ಹ್ಯಾಂಡೇ ಗತಿ.

ನಮ್ಮ ವೃತ್ತಿಯವರ ಅಭ್ಯಾಸದಂತೆ ಎಕ್ಸೆಲ್ ಶೀಟ್ ತೆರೆದೆ. ಮೂರು ಹೆಸರು ಉಳಿದವು: ಜಿಪ್ಸಿ, 2020ಕ್ಕಿಂತ ಹಿಂದಿನ ಥಾರ್, ಜಿಮ್ನಿ.

ಜಿಪ್ಸಿ 1985ರಲ್ಲಿ ಬಂದ ಗಾಡಿ. ನಂತರದ ಮಾದರಿಗಳಲ್ಲಿ 1.3 ಲೀಟರ್ ಪೆಟ್ರೋಲ್ ಎಂಜಿನ್. ತೂಕ ಒಂದು ಟನ್ನಿನ ಆಸುಪಾಸು ಅಷ್ಟೇ, ಹಾಗಾಗಿ ಭಾರದ ಗಾಡಿಗಳು ಹೂತುಹೋಗುವ ಕೆಸರಿನಲ್ಲೂ ಹಗುರಾಗಿ ದಾಟುತ್ತದೆ. ರಿಪೇರಿಯೂ ಸರಳ. ಆದರೆ ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್. ಅಪ್ಪಯ್ಯನ ಬೆನ್ನು ಅದನ್ನು ತಡೆಯುವುದಿಲ್ಲ. ಸಿಗುವ ಗಾಡಿಗಳಲ್ಲಿ ಹೆಚ್ಚಿನವು 15 ವರ್ಷದ ಹತ್ತಿರ ಬಂದವು. ಅಲ್ಲಿಂದ ಮುಂದೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ.

ಜಿಮ್ನಿಯಲ್ಲಿ ಕಾಯಿಲ್ ಸ್ಪ್ರಿಂಗ್, ಐದು ಬಾಗಿಲು, ಗಟ್ಟಿ ಛಾವಣಿ. ರೋಗಿಯನ್ನು ಕೂರಿಸಲು ಮೂರರಲ್ಲಿ ಅದೇ ಉತ್ತಮ. ಆದರೆ ಭಾರತಕ್ಕೆ ಬಂದದ್ದೇ 2023ರಲ್ಲಿ. ಹಳೆಯದರ ಬೆಲೆಯೂ ನನ್ನ ಕೈಗೆ ಎಟುಕಲಿಲ್ಲ.

ಹಳೆ ಥಾರ್‌ನ ಸಿಆರ್‌ಡಿಇ ಮಾದರಿಯಲ್ಲಿ 2.5 ಲೀಟರ್ ಡೀಸೆಲ್, 247 ಎನ್‌ಎಂ ಟಾರ್ಕ್. ಏರಿನಲ್ಲಿ ಎಂಜಿನ್ ಕಿರುಚಬೇಕಿಲ್ಲ. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವುದರಿಂದ ಮುಂದಿನ ಸೀಟಿನವರ ಬೆನ್ನು ಬದುಕುತ್ತದೆ. ಹಿಂದೆ ಮಾತ್ರ ಎದುರುಬದುರು ಬೆಂಚು, ಮೇಲೆ ಟಾರ್ಪಾಲು. ಮಲೆನಾಡಿನ ಮಳೆಗೆ ಟಾರ್ಪಾಲು ಎಂದರೆ ಅಮ್ಮ ಒಳಗೂ ಕೊಡೆ ಹಿಡಿಯಬೇಕು.

ಎರಡು ಗಾಡಿ ನೋಡಿದ ಮೇಲೆ ನನಗೆ ಹೊಸ ಪಾಠವಾಯಿತು. ಪುಣೆಯಲ್ಲಿ ನೋಡಿದ್ದು ಕನ್ನಡಿಯಂತೆ ಹೊಳೆಯುತ್ತಿತ್ತು, ಆದರೆ ಟ್ರಾನ್ಸ್‌ಫರ್ ಕೇಸಿನ ಲಿವರ್ ಅಲುಗಲೇ ಇಲ್ಲ. ಮಾಲೀಕರು ವರ್ಷಗಳಿಂದ ಅದನ್ನು ಮುಟ್ಟಿರಲಿಲ್ಲವಂತೆ. ಸಕಲೇಶಪುರದ ತೋಟವೊಂದರಲ್ಲಿ ನೋಡಿದ್ದಕ್ಕೆ ಮೈತುಂಬ ಗೀರು, ಫುಟ್‌ಬೋರ್ಡಿಗೆ ತುಕ್ಕು. ಆದರೆ ಲೋ ರೇಂಜ್ ಒಂದೇ ಏಟಿಗೆ ಬಿತ್ತು. ಪೇಟೆಯ ಗಾಡಿಯಲ್ಲಿ ಬಳಸದೆ ಹಾಳಾದದ್ದನ್ನು ಹುಡುಕಬೇಕು, ತೋಟದ ಗಾಡಿಯಲ್ಲಿ ಬಳಸಿ ಸವೆದದ್ದನ್ನು.

ಹಾಗಾಗಿ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ಗಾಡಿಯ ಕೆಳಗೆ ಮಲಗಿದೆ. ಚಾಸಿಗೆ ವೆಲ್ಡಿಂಗ್ ಆಗಿದೆಯೇ, ಡಿಫರೆನ್ಷಿಯಲ್‌ನಿಂದ ಆಯಿಲ್ ಸೋರುತ್ತಿದೆಯೇ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳು ಲಟಪಟ ಅನ್ನುತ್ತವೆಯೇ ಎಂದು ನೋಡಿದೆವು. ನಾಲ್ಕೂ ಟೈರು ಒಂದೇ ಅಳತೆಯವಾಗಿರಬೇಕು. ಫೋರ್ ವೀಲ್ ಹಾಕಿ ಓಡಿಸಿ ನೋಡುವುದು ಮಣ್ಣಿನ ಮೇಲೆ ಮಾತ್ರ. ಈ ಗಾಡಿಗಳಲ್ಲಿ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ಒಣ ಡಾಂಬರಿನಲ್ಲಿ ತಿರುಗಿಸಿದರೆ ಮುಂದಿನ ಹಿಂದಿನ ಚಕ್ರಗಳ ವೇಗ ಹೊಂದದೆ ಗೇರುಗಳ ಮೇಲೆ ಒತ್ತಡ ಬೀಳುತ್ತದೆ.

ಎಲ್ಲ ಲೆಕ್ಕ ಮುಗಿಸಿ ಹೆಂಡತಿಗೆ ಶೀಟ್ ತೋರಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಗಾಡಿ ಎಲ್ಲಿರತ್ತೆ?" ನಾನು ನಿರುತ್ತರ. ಮನಸ್ಸಿನೊಳಗೆ ಅದು ಪುಣೆಯ ಪಾರ್ಕಿಂಗಿನಲ್ಲಿತ್ತು, ವಾರಾಂತ್ಯಕ್ಕೆ ಲೋಣಾವಳದ ಮಂಜಿನಲ್ಲಿತ್ತು. ಅಪ್ಪಯ್ಯನ ಹೆಸರಿನಲ್ಲಿ ನಾನು ನನ್ನ ಆಸೆಯ ಗಾಡಿ ಹುಡುಕುತ್ತಿದ್ದೆ. ಎದೆನೋವು ನನ್ನ ರಜೆ ನೋಡಿಕೊಂಡು ಬರುವುದಿಲ್ಲವಲ್ಲ.

ಆ ಪ್ರಶ್ನೆಯಿಂದ ಉಳಿದವೆಲ್ಲ ಸಲೀಸಾದವು. ಗಾಡಿ ಊರಿನಲ್ಲೇ ಇರಬೇಕಾದರೆ ಮಹಾರಾಷ್ಟ್ರದ ನೋಂದಣಿ ಬೇಡ. ಎನ್‌ಒಸಿ, ಮತ್ತೆ ರಸ್ತೆ ತೆರಿಗೆ, ಆ ಓಡಾಟವೇ ಬೇಡ. ಹೊಳಪೂ ಬೇಡ. ಸಕಲೇಶಪುರದ ಆ ಗೀರುಬಿದ್ದ 2013ರ ಥಾರನ್ನೇ ತಂದೆವು. ಕ್ಲಚ್ ಹೊಸದು ಹಾಕಿಸಿ, ತಳಕ್ಕೆ ತುಕ್ಕು ನಿರೋಧಕ ಬಳಿಸಿ, ಮೇಲೆ ಗಟ್ಟಿ ಛಾವಣಿ ಹಾಕಿಸಿ ಆರ್‌ಸಿಯಲ್ಲೂ ನಮೂದಿಸಿದ್ದಾಯಿತು.

ಮೇ ಕೊನೆಯಲ್ಲಿ ಅಂಗಳಕ್ಕೆ ತಂದು ನಿಲ್ಲಿಸಿದೆ. ಅಪ್ಪಯ್ಯ ಸುತ್ತ ಒಂದು ಸುತ್ತು ಬಂದು, "ಗಾಡಿ ಇಲ್ಲೇ ಬಿಟ್ಟು ಹೋಗ್ತೀಯ. ಸರಿ. ಓಡಿಸೋರು ಯಾರು?" ಎಂದರು. ಒಂದು ಕೀಲಿ ಪಡಸಾಲೆಯ ಮೊಳೆಗೆ, ಇನ್ನೊಂದು ಪಕ್ಕದ ಮನೆಯ ಆ ಹುಡುಗನಿಗೆ ಎಂದೆ. ಅವರು ತಲೆಯಾಡಿಸಿದರು, ಮತ್ತೇನೂ ಅನ್ನಲಿಲ್ಲ. ಆ ಪ್ರಶ್ನೆಗೆ ಬೇರೆ ಉತ್ತರವೂ ಇತ್ತು ಎಂದು ಇಬ್ಬರಿಗೂ ಗೊತ್ತಿತ್ತು.

ಈಗ ಪುಣೆಯಲ್ಲಿ ಮಳೆ ಶುರುವಾದಾಗಲೆಲ್ಲ ಊರಿಗೆ ಫೋನ್ ಮಾಡುತ್ತೇನೆ. ವಾರಕ್ಕೊಮ್ಮೆ ಹುಡುಗ ಗಾಡಿಯನ್ನು ಏರು ಹತ್ತಿಸಿ ಇಳಿಸುತ್ತಾನೆ, ಲಿವರ್ ಹಿಡಿದುಕೊಳ್ಳದಿರಲಿ ಎಂದು. ಹಿಂದಿನ ಬೆಂಚಿನಲ್ಲಿ ಅಮ್ಮ ಒಂದು ಕಂಬಳಿ ಮಡಿಸಿ ಇಟ್ಟಿದ್ದಾರಂತೆ.