ಮಾಸ್ತರರ ವೇಳೆ

ಕೃಷ್ಣೆಯ ದಂಡೆಗೆ ಹೊಂದಿದ ಕಾಗವಾಡ, ಅಥಣಿ, ರಾಯಬಾಗಗಳಲ್ಲಾಗಲಿ, ಚಿಕ್ಕೋಡಿ ನಿಪ್ಪಾಣಿಗಳಲ್ಲಾಗಲಿ, ಸರಕಾರಿ ಪ್ರಾಥಮಿಕ ಶಾಲೆಯ ಮಾಸ್ತರರನ್ನು ಮುಂಜಾನೆ ಹತ್ತು ಗಂಟೆಗೆ ಕಂಡವರಿಗೆ ಅವರ ಒಂದು ಕೈಯಲ್ಲಿ ಖಡುವೂ ಇನ್ನೊಂದರಲ್ಲಿ ಮೊಬೈಲೂ ತೋರುವವು. ಇವೆರಡರ ಭೇದವನ್ನು ಮಕ್ಕಳು ಚೆನ್ನಾಗಿ ಬಲ್ಲರು. ಖಡು ಮೇಲೆದ್ದರೆ ವಹಿಗಳು ಹೊರಬರುವವು. ಮೊಬೈಲು ಮೇಲೆದ್ದರೆ ಗದ್ದಲವು ಆರಂಭವಾಗುವದು.

ಮೊಬೈಲಿನಲ್ಲಿ ಮಾಸ್ತರರು ಬರೆಯುವದಾದರೂ ಏನು? ಬಂದ ಮಕ್ಕಳೆಷ್ಟು, ಉಂಡವರೆಷ್ಟು, ಹಾಲು ಕುಡಿದವರೆಷ್ಟು, ತತ್ತಿ ತಿಂದವರೆಷ್ಟು, ತತ್ತಿ ಒಲ್ಲದೆ ಬಾಳೆಹಣ್ಣು ಬೇಡಿದವರೆಷ್ಟು. 2013ರಲ್ಲಿ ಹಾಲು ಬಂದಿತು. ತತ್ತಿಯು ಅದರ ಹಿಂದೆ ಬಂದಿತು. ಇವು ಪುಣ್ಯದ ಕಾರ್ಯಗಳೆಂಬದರಲ್ಲಿ ಸಂಶಯವಿಲ್ಲ. ಹಸಿದ ಹೊಟ್ಟೆಗೆ ಅಕ್ಷರವು ಹತ್ತಲಾರದು. ಆದರೆ ಯಂತ್ರವು ಬಂದಮೇಲೆ ಕಾಗದದ ಕೆಲಸವು ತಗ್ಗುವದೆಂಬ ಆಶೆಯಿತ್ತಷ್ಟೆ, ಆ ಆಶೆಯು ಫಲಿಸಲಿಲ್ಲ. ಹಾಜರಿಪುಸ್ತಕವೂ ಉಳಿಯಿತು, ಯಂತ್ರದ ಹಾಜರಿಯೂ ಕೂಡಿತು. ಒಂದೇ ಲೆಕ್ಕವನ್ನು ಎರಡು ಸಾರೆ ಬರೆಯುವವನನ್ನು ಅಂಗಡಿಯಲ್ಲಿ ಹುಚ್ಚನೆನ್ನುವರು. ಶಾಲೆಯಲ್ಲಿ ಅದಕ್ಕೆ ಶಿಸ್ತು ಎಂದು ಹೆಸರು.

ಪಾಠದ ಹೊರಗಿನ ಕೆಲಸಕ್ಕೆ ಕಾಯದೆಯು ಗೆರೆ ಕೊರೆದಿದೆ. 2009ರ ಶಿಕ್ಷಣ ಹಕ್ಕಿನ ಕಾಯದೆಯ 27ನೆಯ ಕಲಮಿನಂತೆ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ, ಇವು ಮೂರರ ಹೊರತು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಲಾಗದು. 2019ರ ಆಗಸ್ಟದಲ್ಲಿ ಕೃಷ್ಣೆಯು ಊರೊಳಗೆ ನುಗ್ಗಿದಾಗ ನಿರಾಶ್ರಿತರಿಗೆ ಶಾಲೆಯ ಬಾಗಿಲು ತೆರೆಯಬೇಕೆಂಬದಕ್ಕೆ ಯಾವ ಕಲಮೂ ಬೇಕಾಗಿರಲಿಲ್ಲ. ಆದರೆ 2025ರ ಸಪ್ಟಂಬರ 22ಕ್ಕೆ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಭಾರವೂ ಬಹುಮಟ್ಟಿಗೆ ಶಿಕ್ಷಕರ ಹೆಗಲಿಗೇ ಬಂದಿತು. ದಸರೆಯ ರಜೆಯು ಅಕ್ಟೋಬರ 18ರ ವರೆಗೆ ಬೆಳೆಯಿತು. ಮಾಸ್ತರರು ಮನೆಮನೆಯ ಬಾಗಿಲಲ್ಲಿ ಮೊಬೈಲು ಹಿಡಿದು ನಿಂತರು; ಎರಡನೆಯ ಇಯತ್ತೆಯ ಮಗುವು ಕಷ್ಟದಿಂದ ಕಲಿತ ಒತ್ತಕ್ಷರಗಳನ್ನು ಅಷ್ಟರಲ್ಲಿ ಮರೆಯಿತು.

ಯಂತ್ರವನ್ನು ಹಳಿಯುವದು ಮಾಸ್ತರರ ಉದ್ದೇಶವಲ್ಲ. ಹೃದಯವು ಬಡಿದುಕೊಳ್ಳುವ ರೀತಿಯನ್ನು ಪರದೆಯ ಮೇಲೆ ಕಂಡ ಮಗುವಿಗೆ ಕರಿಹಲಗೆಯ ಚಿತ್ರವು ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಪರದೆಯೊಳಗಿನ ಕನ್ನಡವು ದೂರದ್ದು. ಅದು 'ಕಡಲೆಕಾಯಿ' ಎಂದಾಗ ರಾಯಬಾಗದ ಮಗುವು ಕಡಲೆಯ ಗಿಡವನ್ನು ನೆನೆಯುವದು. 'ಶೇಂಗಾ' ಎಂದು ಮಾಸ್ತರರು ಹೇಳಿದಮೇಲೆ ಪಾಠವು ಮುಂದೆ ಸಾಗುವದು. ನಿಪ್ಪಾಣಿಯಲ್ಲಿ, ಕಾಗವಾಡದಲ್ಲಿ, ಮರಾಠಿ ಮನೆಮಾತಿನ ಮಕ್ಕಳೂ ಕನ್ನಡ ಶಾಲೆಯಲ್ಲಿ ಕೂಡುವರು. ಕೂಡಿಸುವ ಲೆಕ್ಕದಲ್ಲಿ 'ದಶಕ'ವೆಂಬದು ತಿಳಿಯದೆ ಕಣ್ಣು ಬಿಡುವ ಹುಡುಗಿಗೆ 'ಹಾತಚಾ ಏಕ' ಎಂದೊಡನೆ ಮುಖವು ಅರಳುವದು. ಗಡಿನಾಡಿನ ಶಿಕ್ಷಕನ ವಿದ್ಯೆಯ ಅರ್ಧವು ಇದೇ ಆಗಿದೆ. ಯಾವ ಪ್ರಮಾಣಪತ್ರದಲ್ಲಿಯೂ ಅದರ ಸುಳಿವಿಲ್ಲ.

2020ರಲ್ಲಿ ರೋಗದ ಭಯದಿಂದ ಶಾಲೆಗಳು ಮುಚ್ಚಿದಾಗ ಯಂತ್ರದ ಪರೀಕ್ಷೆಯೇ ನಡೆಯಿತೆನ್ನಬಹುದು. ಮನೆಗೊಂದೇ ಮೊಬೈಲು, ಅದು ಅಪ್ಪನ ಕಿಸೆಯಲ್ಲಿ ಕಬ್ಬಿನ ಹೊಲಕ್ಕೆ ಹೋಗುವದು. ತಾಯಿಯು ಬೀಡಿ ಕಟ್ಟುವ ಮನೆಯಲ್ಲಿ ಮಗುವಿಗೆ ಪಾಠ ತೋರಿಸುವವರಾರು? ಆ ಆಗಸ್ಟದಲ್ಲಿ 'ವಿದ್ಯಾಗಮ'ವು ಬಂದಿತು. ಗುಡಿಯ ಕಟ್ಟೆಗೆ, ಬೇವಿನ ನೆರಳಿಗೆ ಶಿಕ್ಷಕರೇ ನಡೆದುಹೋದರು. ಅಕ್ಟೋಬರದಲ್ಲಿ ಅದೂ ನಿಂತಿತು. ಆದರೂ ಆ ಎರಡು ತಿಂಗಳು ಮಾಸ್ತರರ ನೆನಪಿನಲ್ಲಿ ಬೇರೆಯಾಗಿಯೇ ಉಳಿದಿವೆ: ಕೈಯಲ್ಲಿ ಹತ್ತು ಮಕ್ಕಳು, ಎದುರಿಗೆ ಪೂರ್ತಿ ಒಂದು ತಾಸು.

ಶಿಕ್ಷಕರೂ ಕಲಿಯಬೇಕೆಂಬ ಮಾತು ಈ ಸೀಮೆಗೆ ಹೊಸದಲ್ಲ. ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ, 1865ರಷ್ಟು ಹಿಂದೆಯೇ, ಮುಂಬಯಿ ಕರ್ನಾಟಕದ ಸಾಲಿಮಾಸ್ತರರಿಗಾಗಿ 'ಮಠಪತ್ರಿಕೆ'ಯು ಹೊರಟಿತ್ತು. ಇಂದು ಆ ಕೆಲಸವು 'ನಿಷ್ಠಾ', 'ದೀಕ್ಷಾ' ಎಂಬ ಹೆಸರುಗಳಿಂದ ಮೊಬೈಲಿನೊಳಗೆ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವರ್ಷಕ್ಕೆ 50 ತಾಸುಗಳ ಕಲಿಕೆಯನ್ನು ಬಯಸುವದು. ಬಯಕೆಯು ಯೋಗ್ಯವೇ. ಆ 50 ತಾಸುಗಳು ದಿನದ ಯಾವ ಹೊತ್ತಿನಿಂದ ಬರಬೇಕು? ರಾತ್ರಿಯ ಊಟವಾದಮೇಲೆ ಮಾಸ್ತರರು ದೃಶ್ಯಪಾಠವನ್ನು ಹಚ್ಚಿ, ಮರುದಿನದ ಹಾಲಿನ ಲೆಕ್ಕವನ್ನು ನೆನೆಯುತ್ತ, ಪ್ರಶ್ನೆಗಳಿಗೆ ಗುರುತು ಹಾಕುವರು, ಪ್ರಮಾಣಪತ್ರವೂ ಬರುವದು.

ಅವರಿಗೆ ನಿಜವಾಗಿ ಹತ್ತಿದ ಪಾಠಗಳು ಬೇರೆಡೆಯವು. ನೆರೆಯ ಊರುಗಳ ಶಿಕ್ಷಕರು ಕೂಡುವ ಸಮಾಲೋಚನಾ ಸಭೆಯಲ್ಲಿ, ಊಟದ ಬಿಡುವಿನಲ್ಲಿ, ಯಾರೋ ಒಬ್ಬ ಅಕ್ಕೋರು ಚೀಲದಿಂದ ಹುಣಸೆಬೀಜಗಳನ್ನು ಸುರುವಿ, ಹತ್ತು ಬೀಜಗಳ ಗುಂಪನ್ನು ಒಂದು ಕಡ್ಡಿಗೆ ಬದಲಿಸುತ್ತ, ತಮ್ಮ ಶಾಲೆಯ ಮಂದಬುದ್ಧಿಯೆನಿಸಿದ ಹುಡುಗನಿಗೆ ಕಳೆಯುವ ಲೆಕ್ಕವು ತಿಳಿದ ಬಗೆಯನ್ನು ತೋರಿಸುವರು. ನಾಲ್ಕಾರು ತಲೆಗಳು ಬಾಗುವವು. 'ಸೊನ್ನೆ ಬಂದರ ಹ್ಯಾಂಗ, ಅಕ್ಕೋರ?' ಎಂದು ಒಬ್ಬರು ಕೇಳುವರು. ಅವರು ಬೀಜಗಳನ್ನು ತಿರುಗಿ ಕೂಡಿಸಿ ಮೊದಲಿನಿಂದ ಎಣಿಸತೊಡಗುವಷ್ಟರಲ್ಲಿ ಬಿಡುವು ಮುಗಿದು ಸುತ್ತೋಲೆಗಳ ಓದು ಆರಂಭವಾಗುವದು.