ಶಿವಾಲದ ಚೋಬದಾರ

1781ರ ಆಗಸ್ಟ್ 16. ಕಾಶಿಯ ಶಿವಾಲದಲ್ಲಿ, ರಾಜಾ ಚೇತಸಿಂಹನ ಅರಮನೆಯ ಅಂಗಳದಲ್ಲಿ ನಿಂತಿದ್ದೀರಿ. ಕೆಳಗೆ ಮಳೆಗಾಲದ ಗಂಗೆ. ಬೆಳಗ್ಗೆಯೇ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ವಿಲಿಯಂ ಮಾರ್ಕಮ್ ಬಂದು, ನೀನಿನ್ನು ಬಂದಿ ಎಂದು ರಾಜನಿಗೆ ತಿಳಿಸಿ ಹೋಗಿದ್ದಾನೆ. ರಾಜ ಎದುರಾಡಲಿಲ್ಲ. ಕಾವಲಿಗೆ ಕಂಪನಿಯ ಎರಡು ತುಕಡಿ ಸಿಪಾಯಿಗಳಿದ್ದಾರೆ. ಹೆಗಲ ಮೇಲೆ ಬಂದೂಕಿದೆ, ಮದ್ದುಗುಂಡು ಮಾತ್ರ ತಂದಿಲ್ಲ!

ಜಗಳ ಹಣದ್ದು. ಫ್ರೆಂಚರ ಮೇಲಿನ ಯುದ್ಧದ ಹೆಸರಲ್ಲಿ 1778ರಿಂದ ಕಂಪನಿ ಕೇಳುತ್ತಿದ್ದದ್ದು ಕಪ್ಪದ ಮೇಲೆ ಇನ್ನೂ ಐದು ಲಕ್ಷ ರೂಪಾಯಿ, ಆಮೇಲೆ ಕುದುರೆ ಸವಾರರು. ಮೊನ್ನೆ ಬಕ್ಸರಿನಲ್ಲಿ ರಾಜ ತನ್ನ ಪೇಟವನ್ನೇ ತೆಗೆದು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಮಡಿಲಲ್ಲಿಟ್ಟಿದ್ದ. ಹೇಸ್ಟಿಂಗ್ಸ್ ಕರಗಲಿಲ್ಲ. ನಿನ್ನೆ ರಾಜ ಬರೆದ ಉತ್ತರ ಓದಿ, ಅದರ ಧಾಟಿಯೇ ಉದ್ಧಟತನದ್ದು ಅಂದುಕೊಂಡ. ಇನ್ನೊಬ್ಬರ ಧಾಟಿ ಎಷ್ಟು ಬೇಗ ಚುಚ್ಚುತ್ತದೆ ನೋಡಿ.

ಈಗ ಹೊರಗೆ ಗದ್ದಲ. ರಾಮನಗರದ ಕಡೆಯಿಂದ ಹೊಳೆ ದಾಟಿ ಬಂದ ರಾಜನ ಜನ ಅರಮನೆಯನ್ನು ಸುತ್ತಿಕೊಂಡಿದ್ದಾರೆ. ಕೈಯಲ್ಲಿ ಕತ್ತಿಯಿದೆ, ಇನ್ನೂ ಎತ್ತಿಲ್ಲ. ಅಷ್ಟರಲ್ಲಿ ಮಾರ್ಕಮನ ಚೋಬದಾರ ಚೇತರಾಮ ಒಳಗೆ ಬರುತ್ತಾನೆ. ಯಜಮಾನನ ಸಂದೇಶ ತಲುಪಿಸುವುದಷ್ಟೇ ಅವನ ಕೆಲಸ. ಅವನೋ, ಕೈಸೆರೆಯಾದ ರಾಜನನ್ನು ಅವನ ಜನರೆದುರೇ ಹೀನಾಯವಾಗಿ ಹಳಿಯುತ್ತಾನೆ. ಕತ್ತಿಗಳು ಮೇಲೇಳುತ್ತವೆ. ಖಾಲಿ ಬಂದೂಕಿನ ಸಿಪಾಯಿಗಳು ಅಂಗಳದಲ್ಲೇ ಉರುಳುತ್ತಾರೆ. ಸ್ಟಾಕರ್, ಸ್ಕಾಟ್, ಸೈಮ್ಸ್ ಎಂಬ ಮೂವರು ಲೆಫ್ಟಿನೆಂಟರೂ ಸಾಯುತ್ತಾರೆ. ರಾಜ ಪೇಟಗಳನ್ನು ಗಂಟುಹಾಕಿದ ಹಗ್ಗ ಹಿಡಿದು ಹೊಳೆಗಿಳಿದು ದೋಣಿ ಹತ್ತುತ್ತಾನೆ. ಮಾತು ಮನೆ ಕೆಡಿಸಿತು ಅನ್ನುತ್ತೇವೆ, ಇಲ್ಲಿ ಅರಮನೆಯನ್ನೇ ಕೆಡಿಸಿತು.

ಮಾರ್ಕಮ್ ಯಾರ ಮಗ ಗೊತ್ತೇ? ಯಾರ್ಕಿನ ಆರ್ಚ್‌ಬಿಷಪ್ಪರ ಮಗ. ಅಂಥ ಮನೆಯಲ್ಲಿ ಕೊಲೊಸ್ಸೆಯವರಿಗೆ ಪೌಲನು ಬರೆದ ಪತ್ರ ಕಿವಿಗೆ ಬೀಳದೆ ಇರುವುದುಂಟೇ? ಸಭೆಯ ಹೊರಗಿನವರೊಡನೆ ಹೇಗೆ ನಡೆದುಕೊಳ್ಳಬೇಕು ಎಂದು ಹೇಳುತ್ತ, ಮಾತಿನಲ್ಲಿ ಕೃಪೆಯೂ ಇರಲಿ, ಉಪ್ಪಿನ ರುಚಿಯೂ ಇರಲಿ ಎನ್ನುತ್ತಾನೆ ಪೌಲ. ಅದನ್ನು ಬರೆಯುವಾಗ ಅವನೇ ಬೇಡಿಯಲ್ಲಿದ್ದ. ಸೆರೆಯಲ್ಲಿದ್ದವನು ಕಲಿಸಿದ ಸೌಜನ್ಯ, ಸೆರೆ ಹಾಕಿದವರ ಮನೆಯಾಳಿಗೆ ತಲುಪಲೇ ಇಲ್ಲ. ಬೈದವನು ಆಳು, ಆರ್ಚ್‌ಬಿಷಪ್ಪರ ಮಗನಲ್ಲ ಎನ್ನಬಹುದು. ಆದರೆ ಆಳಿನ ನಾಲಿಗೆಗೆ ಆ ಸಲಿಗೆ ಬಂದದ್ದು ಯಜಮಾನನ ಗತ್ತಿನಿಂದಲೇ ಎಂದು ನನ್ನ ಅನುಮಾನ. ಭಾನುವಾರ ಆರಾಧನೆ ಮುಗಿಸಿ ಬಂದು ಮನೆಗೆಲಸದವಳನ್ನು ಗದರುವ ನಮಗೂ ಪೌಲನ ಉಪ್ಪು ಇನ್ನೂ ಹತ್ತಿಲ್ಲ. ಮೇಲಿನವರೊಡನೆ ನಯವಾಗಿ ಮಾತಾಡುವುದಕ್ಕೆ ಭಕ್ತಿ ಬೇಕಿಲ್ಲ, ಭಯ ಸಾಕು.

ಐದು ದಿನ ಕಳೆಯುವುದರೊಳಗೆ ಹೇಸ್ಟಿಂಗ್ಸ್ ಕೂಡ ರಾತ್ರೋರಾತ್ರಿ ಚುನಾರಿಗೆ ಓಡುತ್ತಾನೆ. ಮುಂದೆ ಬ್ರಿಟಿಷ್ ಸಂಸತ್ತಿನಲ್ಲಿ ಅವನ ಮೇಲೆ ನಡೆದ ಮಹಾಭಿಯೋಗದಲ್ಲಿ ಕಾಶಿಯ ಪ್ರಕರಣವೂ ಸೇರುತ್ತದೆ, 1795ರಲ್ಲಿ ಬಿಡುಗಡೆ. ಚೇತಸಿಂಹನಿಗೆ ಮಾತ್ರ ರಾಜ್ಯ ಮರಳಲಿಲ್ಲ, 1810ರಲ್ಲಿ ಗ್ವಾಲಿಯರಿನಲ್ಲಿ ತೀರಿಕೊಂಡ.

ಕಾಶಿಗೆ ಹೋದವರು ಈ ಅರಮನೆಯನ್ನು ದೋಣಿಯಲ್ಲಿ ಕೂತು ನೋಡಿ ಮುಂದಿನ ಘಾಟಿಗೆ ಸಾಗುತ್ತಾರೆ. ನೀವು ಇಳಿದು ಶಿವಾಲದ ಓಣಿಗೂ ಹೋಗಿ. ಆ ಮೂವರು ಲೆಫ್ಟಿನೆಂಟರ ಸಮಾಧಿ ಅಲ್ಲೇ ಇದೆ.